ಕೈ ಹೋಗದ ಪೈಪನ್ನು ತೊಳೆಯುವುದು ಹೇಗೆ?

ಹಾಲು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಹಿಡಿದಿರುತ್ತದಲ್ಲ, ಅದನ್ನೊಮ್ಮೆ ಬೆರಳಿನಿಂದ ಉಜ್ಜಿ ನೋಡಿ. ಅಷ್ಟು ಸುಲಭಕ್ಕೆ ಬರುವುದಿಲ್ಲ. ಸುಮಾರು 70 ಡಿಗ್ರಿ ದಾಟಿದ ಮೇಲೆ ಹಾಲಿನ ಕೆಲವು ಪ್ರೋಟೀನುಗಳು ಬಿಚ್ಚಿಕೊಂಡು ಬಿಸಿ ಲೋಹಕ್ಕೆ ಅಂಟುತ್ತವೆ. ಕ್ಯಾಲ್ಸಿಯಂ ಫಾಸ್ಫೇಟ್ ಅಂತೂ ಬಿಸಿ ಏರಿದಷ್ಟೂ ಕರಗುವುದು ಕಡಿಮೆ, ಹಾಗಾಗಿ ಅದೂ ಬಂದು ಕೂರುತ್ತದೆ. ಮನೆಯಲ್ಲಾದರೆ ನಾರು ಹಿಡಿದು ತಿಕ್ಕಿದರೆ ಆಯಿತು. ಆದರೆ ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಇಡುವ ಪಾಶ್ಚರೀಕರಣ ಯಂತ್ರದೊಳಗೂ ಇದೇ ಪೊರೆ ಹಿಡಿಯುತ್ತದೆ, ಅಲ್ಲಿಗೆ ಕೈ ಹೋಗುವುದಿಲ್ಲ.

ಅದಕ್ಕೇ ಸಿಐಪಿ, ಅಂದರೆ ಕ್ಲೀನಿಂಗ್ ಇನ್ ಪ್ಲೇಸ್. ಪೈಪು ಬಿಚ್ಚದೆ ಇದ್ದಲ್ಲೇ ತೊಳೆಯುವ ವ್ಯವಸ್ಥೆ. ಮೊದಲು ಉಗುರು ಬೆಚ್ಚಗಿನ ನೀರು, ಆಮೇಲೆ 70-80 ಡಿಗ್ರಿಯ ಕಾಸ್ಟಿಕ್ ಸೋಡಾ ದ್ರಾವಣ, ಮತ್ತೆ ನೀರು, ನಂತರ ತೆಳು ನೈಟ್ರಿಕ್ ಆಸಿಡ್, ಮತ್ತೆ ನೀರು. ನಮ್ಮ ಅಜ್ಜಿಯರು ಬೂದಿ ಹಾಕಿ ಜಿಡ್ಡು ತೆಗೆದು, ಹುಣಸೆಹಣ್ಣು ಹಾಕಿ ಹಿತ್ತಾಳೆ ಬೆಳಗುತ್ತಿದ್ದರು, ಅಲ್ವಾ? ಲೆಕ್ಕ ಹತ್ತಿರ ಹತ್ತಿರ ಅದೇ. ಕ್ಷಾರ ಕೊಬ್ಬು, ಪ್ರೋಟೀನನ್ನು ಬಿಡಿಸುತ್ತದೆ, ಹುಳಿ ಖನಿಜದ ಕಲೆಯನ್ನು ಕರಗಿಸುತ್ತದೆ.

ಸರಿ, ತಿಕ್ಕುವವರು ಯಾರು? ನೀರಿನ ವೇಗವೇ ತಿಕ್ಕಬೇಕು. ಪೈಪಿನಲ್ಲಿ ದ್ರಾವಣ ಸೆಕೆಂಡಿಗೆ ಕನಿಷ್ಠ 1.5 ಮೀಟರ್ ಓಡಬೇಕು ಅನ್ನುವುದು ಈ ಕೆಲಸದವರ ರೂಢಿಯ ಲೆಕ್ಕ. 50 ಮಿಲಿಮೀಟರ್ ಪೈಪಿಗೆ ಅದು ಗಂಟೆಗೆ ಸುಮಾರು 10,600 ಲೀಟರ್ ಆಗುತ್ತದೆ. ಅದೇ ಪಂಪಿನ ಅಷ್ಟೇ ನೀರು ಮುಂದೆ 100 ಮಿಲಿಮೀಟರ್ ಪೈಪಿಗೆ ಹೋದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ, ನೀರು ಸುಮ್ನೆ ಹರಿದು ಹೋಗುತ್ತದೆ, ಪೊರೆ ಅಲ್ಲೇ ಉಳಿಯುತ್ತದೆ.

ಇನ್ನೂ ಕೆಟ್ಟದ್ದು ಕುರುಡು ಕವಲು. ಮುಖ್ಯ ಪೈಪಿನಿಂದ ಟಿ ಆಕಾರದಲ್ಲಿ ಒಂದು ಕವಲು ಹೊರಟಿದೆ, ಅದರ ತುದಿಗೆ ಗೇಜು ಅಥವಾ ಮುಚ್ಚಿದ ವಾಲ್ವು ಇದೆ ಅಂದುಕೊಳ್ಳಿ. ಮುಖ್ಯ ಪೈಪಿನಲ್ಲಿ ದ್ರಾವಣ ರಭಸದಿಂದ ಓಡುತ್ತಿರುವಾಗಲೂ ಕವಲಿನ ಮೂಲೆಯಲ್ಲಿ ಹಳೇ ಹಾಲು ನಿಂತೇ ಇರುತ್ತದೆ, ಬ್ಯಾಕ್ಟೀರಿಯಾಗಳು ಅಲ್ಲಿ ಲೋಳೆಯ ಪದರ ಕಟ್ಟಿಕೊಂಡು ನೆಲೆಸುತ್ತವೆ. ಅದರಲ್ಲೂ ಲಿಸ್ಟೀರಿಯಾ ಅನ್ನುವ ರೋಗ ತರುವ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಕವಲಿನ ಉದ್ದ ಅದರದೇ ಅಗಲದ ಒಂದೂವರೆ ಪಟ್ಟಿಗಿಂತ ಕಡಿಮೆ ಇದ್ದರೆ ನೀರಿನ ಸುಳಿ ಒಳಗೆ ಮುಟ್ಟುತ್ತದೆ. ಉದ್ದವಾಗಿದ್ದರೆ ತೊಳೆಯುವುದನ್ನು ನಡೆಸಲು ಎಷ್ಟು ದುಬಾರಿ ಕಂಪ್ಯೂಟರ್ ಕೂರಿಸಿದರೂ ಪ್ರಯೋಜನವಿಲ್ಲ. ಇದನ್ನು ನಕ್ಷೆ ಬರೆಯುವಾಗಲೇ ನೋಡಿಕೊಳ್ಳಬೇಕು.

ಬಿಸಿ ಅಳೆಯುವ ಸೆನ್ಸರ್ ಕೂಡ ದ್ರಾವಣ ವಾಪಸ್ ಬರುವ ಪೈಪಿನಲ್ಲಿರಬೇಕು. ಹೊರಡುವಾಗ 75 ಡಿಗ್ರಿ ಇದ್ದದ್ದು ಇಡೀ ಸುತ್ತು ಮುಗಿಸುವಷ್ಟರಲ್ಲಿ 60ಕ್ಕೆ ಬಂದಿರಬಹುದು. ವಾಪಸ್ ಬರುವ ದ್ರಾವಣಕ್ಕೆ ಬೇಕಾದಷ್ಟು ಬಿಸಿ ಬಂದ ಮೇಲೆಯೇ ನಿಮಿಷ ಎಣಿಸಲು ಶುರು ಮಾಡಬೇಕು.

ಟ್ಯಾಂಕಿನ ಒಳಗೆ ಎಲ್ಲ ಕಡೆಗೂ ನೀರು ತಾಗುತ್ತದೆಯೇ ಎಂದು ನೋಡುವ ಪರೀಕ್ಷೆ ನನಗೆ ತುಂಬಾ ಇಷ್ಟ. ರೈಬೋಫ್ಲಾವಿನ್, ಅಂದರೆ ವಿಟಮಿನ್ ಬಿ2 ಕರಗಿಸಿದ ನೀರನ್ನು ಒಳಗೆಲ್ಲ ಸಿಂಪಡಿಸಿ, ಬರೀ ನೀರಿನಲ್ಲಿ ಒಂದು ಸಲ ತೊಳೆಸಿ, ಕತ್ತಲಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿಯುತ್ತಾರೆ. ನೀರು ತಾಗದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಜಾಸ್ತಿ ಸಿಗುವುದು ಕಲಕುವ ರೆಕ್ಕೆಯ ಅಡಿಯಲ್ಲಿ, ಮೇಲಿಂದ ಚಿಮ್ಮುವ ನೀರಿಗೆ ಅದು ಮರೆ. ಅಲ್ಲಿಗೆ ಇನ್ನೊಂದು ಸ್ಪ್ರೇ ಬಾಲ್, ಅಂದರೆ ನೀರು ಚಿಮ್ಮಿಸುವ ತೂತುಗಳ ಗುಂಡು, ಕೂರಿಸಿ, ಮತ್ತೆ ಸಿಂಪಡಿಸಿ, ಮತ್ತೆ ದೀಪ ಹಿಡಿಯಬೇಕು.