ಕಾರು ಇಳಿಸಿದ ಮೇಲೆ ಸ್ಟ್ರಟ್‌ನಲ್ಲಿ ಎಷ್ಟು ಉಳಿಯುತ್ತದೆ?

ಸ್ಪ್ರಿಂಗ್ ಬದಲಿಸಿ ಕಾರಿನ ಎತ್ತರ ಇಳಿಸಬೇಕು ಅಂತ ಬರುವವರು ಮೊದಲು ಕೇಳುವುದು ಎಷ್ಟು ಇಳಿಯುತ್ತದೆ ಅಂತ. ಇಳಿದ ಮೇಲೆ ಸ್ಟ್ರಟ್‌ನಲ್ಲಿ, ಅಂದರೆ ಸ್ಪ್ರಿಂಗ್ ಜೊತೆಗಿರುವ ಶಾಕ್ ಅಬ್ಸಾರ್ಬರ್‌ನಲ್ಲಿ, ರಾಡ್ ಒಳಗೆ ಹೋಗಲು ಎಷ್ಟು ಜಾಗ ಉಳಿಯುತ್ತದೆ ನೋಡಿದ್ದೀರಾ ಅಂತ ನಾನು ಕೇಳುತ್ತೇನೆ. ಅದನ್ನು ಅಳೆದು ಬಂದವರು ತುಂಬಾ ಕಡಿಮೆ.

ಕಾರು ನಿಂತಿರುವಾಗ ಸ್ಟ್ರಟ್‌ನ ರಾಡ್ ಅರ್ಧ ಒಳಗೆ, ಅರ್ಧ ಹೊರಗೆ ಇರುತ್ತದೆ. ಉಬ್ಬು ಹತ್ತಿದರೆ ಒಳಗೆ ಹೋಗುತ್ತದೆ, ಚಕ್ರ ಗುಂಡಿಗೆ ಇಳಿದರೆ ಹೊರಗೆ ಬರುತ್ತದೆ. ರಾಡ್ ಪೂರ್ತಿ ಒಳಗೆ ಹೋಗದಂತೆ ತಡೆಯುವ ಫೋಮ್ ತುಂಡು, ಅಂದರೆ ಬಂಪ್ ಸ್ಟಾಪ್, ಮುಟ್ಟುವ ತನಕ 60 ಮಿ.ಮೀ. ಜಾಗ ಇತ್ತು ಅಂದುಕೊಳ್ಳಿ. ಕಂಪನಿ ಸ್ಟ್ರಟ್ ಇಟ್ಟುಕೊಂಡೇ 40 ಮಿ.ಮೀ. ಇಳಿಸಿದರೆ ಹೆಚ್ಚುಕಡಿಮೆ 20 ಉಳಿಯಿತು. ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಸಾಮಾನು ಹಾಕಿದರೆ ಹಿಂಬದಿಯಲ್ಲಿ ಅದೂ ಹೋಯಿತು. ಆಮೇಲೆ ಬರುವ ಹೆಚ್ಚಿನ ಭಾರ ಹೊರುವುದರಲ್ಲಿ ಬಂಪ್ ಸ್ಟಾಪ್‌ನ ಪಾಲೇ ಜಾಸ್ತಿ. ಹೊಸ ಸ್ಪ್ರಿಂಗ್ ಕಲ್ಲಿನ ಹಾಗಿದೆ ಅಂತ ವಾಪಸ್ ಬಂದ ಎಷ್ಟೋ ಕಾರುಗಳಲ್ಲಿ ನಾನು ನೋಡಿದ್ದು ಜಜ್ಜಿಹೋದ ಬಂಪ್ ಸ್ಟಾಪ್, ಸ್ಪ್ರಿಂಗ್‌ನಲ್ಲಿ ಏನೂ ತಪ್ಪಿರಲಿಲ್ಲ.

ಇದನ್ನು ಸ್ಪ್ರಿಂಗ್ ಕೊಳ್ಳುವ ಮೊದಲೇ ಅಳೆಯಬಹುದು. ಧೂಳಿನ ರಬ್ಬರ್ ಬೂಟ್ ಮೇಲೆತ್ತಿ, ರಾಡ್‌ಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ, ಸ್ಟ್ರಟ್ ಬಾಡಿಗೆ ತಾಗುವಷ್ಟು ಕೆಳಗೆ ತಳ್ಳಿ. ನೀವು ದಿನಾ ಓಡಿಸುವ ರಸ್ತೆಯಲ್ಲೇ, ದಿನಾ ಕೂರುವಷ್ಟೇ ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಬಾಡಿ ಆ ಟೈಯನ್ನು ಎಲ್ಲಿಯ ತನಕ ತಳ್ಳಿದೆಯೋ ಅಷ್ಟು ಜಾಗ ನಿಮಗೆ ಈಗಲೇ ಬೇಕಾಗುತ್ತಿದೆ ಅಂತ ಅರ್ಥ. ಟೈಯಿಂದ ಬಂಪ್ ಸ್ಟಾಪ್ ತನಕ ಉಳಿದದ್ದರಲ್ಲಿ ಮಾತ್ರ ಇಳಿಸಲು ಅವಕಾಶ. ಇಳಿಸುವ ಸ್ಪ್ರಿಂಗ್ ಸ್ವಲ್ಪ ಗಟ್ಟಿ ಇರುವುದರಿಂದ ಒಂಚೂರು ಜಾಸ್ತಿ ಸಿಗಬಹುದು, ಅದನ್ನೇ ನಂಬಿ ಕೂರಬೇಡಿ.

ಇನ್ನು ಸ್ಟ್ರಟ್‌ನ ಶಕ್ತಿ. ಸ್ಪ್ರಿಂಗ್ ಶೇಕಡ 30 ಗಟ್ಟಿಯಾದರೆ ಅದನ್ನು ಹಿಡಿಯಲು ಸುಮಾರು ಶೇಕಡ 14 ಜಾಸ್ತಿ ಡ್ಯಾಂಪಿಂಗ್, ಅಂದರೆ ಕುಣಿತ ತಡೆಯುವ ಶಕ್ತಿ, ಬೇಕು. ಹೊಸ ಸ್ಟ್ರಟ್ ಇಷ್ಟನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ವರ್ಷಗಟ್ಟಲೆ ಓಡಿ ದಣಿದ ಸ್ಟ್ರಟ್ ತಡೆಯುವುದಿಲ್ಲ, ಒಂದು ಉಬ್ಬು ದಾಟಿದ ಮೇಲೆ ಕಾರು ಎರಡು ಮೂರು ಸಲ ಕುಣಿಯುತ್ತದೆ. ಹೊಸ ಸ್ಪ್ರಿಂಗ್ ನನ್ನ ಸ್ಟ್ರಟ್ ಹಾಳು ಮಾಡಿತು ಅನ್ನುವ ಮಾತು ಅರ್ಧ ನಿಜ. ಪದೇ ಪದೇ ಬಂಪ್ ಸ್ಟಾಪ್‌ಗೆ ಬಡಿದರೆ ಸ್ಟ್ರಟ್ ಬೇಗ ಸವೆಯುತ್ತದೆ, ಸರಿ. ಆದರೆ ಬಹಳ ಕಾರುಗಳಲ್ಲಿ ಸ್ಪ್ರಿಂಗ್ ಹಾಕುವ ಹೊತ್ತಿಗೇ ರಾಡ್ ಸುತ್ತ ಎಣ್ಣೆ ಜಿನುಗುತ್ತಿರುತ್ತದೆ, ಯಾರೂ ನೋಡಿರುವುದಿಲ್ಲ ಅಷ್ಟೆ.

ನನ್ನ ಮಟ್ಟಿಗೆ, ಸ್ಟ್ರಟ್ ಚೆನ್ನಾಗಿದ್ದು, ಕಂಪನಿ ಸ್ಟ್ರಟ್‌ಗೆ ಅಂತಲೇ ಮಾಡಿದ ಸ್ಪ್ರಿಂಗ್ ಆಗಿದ್ದರೆ 25–30 ಮಿ.ಮೀ. ತನಕ ಧೈರ್ಯವಾಗಿ ಹಾಕಿಕೊಡುತ್ತೇನೆ. ಅದಕ್ಕಿಂತ ಜಾಸ್ತಿ ಬೇಕೆಂದರೆ ಚಿಕ್ಕ ಬಾಡಿಯ ಸ್ಟ್ರಟ್ ಕೂಡ ಬೇಕು. ಈಗ ಸ್ಪ್ರಿಂಗ್‌ಗೆ ಮಾತ್ರ ದುಡ್ಡಿದೆ ಅಂದರೆ ಸ್ವಲ್ಪ ಕಾಯಿರಿ, ಎರಡನ್ನೂ ಒಟ್ಟಿಗೆ ಹಾಕೋಣ.

ಗ್ರೈಂಡರ್‌ನಲ್ಲಿ ಸುತ್ತು ಕತ್ತರಿಸಿದ ಸ್ಪ್ರಿಂಗ್ ನಾನು ಹಾಕುವುದಿಲ್ಲ. ಬೆಂಕಿಯಲ್ಲಿ ಕಾಯಿಸಿ ಇಳಿಸಿದ್ದಂತೂ ಬೇಡವೇ ಬೇಡ, ಆ ಉಕ್ಕಿನ ಹದವೇ ಹೋಗಿರುತ್ತದೆ. ಒಮ್ಮೆ ಸ್ಟಿಯರಿಂಗ್ ತಿರುಗಿಸಿದಾಗ ಟಕ್ ಅನ್ನುತ್ತದೆ ಅಂತ ಒಂದು ಕಾರು ಬಂತು. ಲಿಫ್ಟ್ ಮೇಲೆ ಎತ್ತಿ ಚಕ್ರ ನೇತಾಡಿದ ಕೂಡಲೇ ಕತ್ತರಿಸಿದ ಸ್ಪ್ರಿಂಗ್ ಕೈಯಲ್ಲೇ ಗಿರಗಿರ ತಿರುಗಿತು. ರಸ್ತೆಯಲ್ಲಿ ಚಕ್ರ ಹಾಗೆ ಕೆಳಗಿಳಿದಾಗ ಅದು ತಾನು ಕೂರುವ ತಟ್ಟೆಯಿಂದ ಜಾರಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಎದೆ ಝಲ್ ಅನ್ನುತ್ತದೆ. ನಿಮ್ಮ ಕಾರನ್ನೂ ಹೀಗೇ ಎತ್ತಿಸಿ, ಸ್ಪ್ರಿಂಗ್ ಸಡಿಲ ಇಲ್ಲ ಅಂತ ಕೈಯಿಟ್ಟು ನೋಡಿ.

ಹಾಕುವಾಗ ಒಂದು ಕೆಲಸ ಬಹಳ ಕಡೆ ತಪ್ಪುತ್ತದೆ: ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಬಂದ ನಂತರವೇ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪ್ರಿಂಗ್ ಕೂತುಕೊಳ್ಳಲು ಕೆಲವು ದಿನ ಬಿಟ್ಟು ಅಲೈನ್‌ಮೆಂಟ್ ಮಾಡಿಸಿ, ಅದರಲ್ಲೂ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವ ಅಳತೆ) ಸರಿ ಮಾಡಿಸಿ, ಯಾಕೆಂದರೆ ಟೈರ್‌ನ ಒಳ ಅಂಚನ್ನು ಬೇಗ ತಿನ್ನುವುದು ಅದೇ. ಅದೇ ದಿನ ಹೆಡ್‌ಲೈಟ್ ಮಟ್ಟವನ್ನೂ ಹೊಂದಿಸಿಕೊಳ್ಳಿ.