ಏಳನೇ ಪುಟದ ಷರತ್ತು

ಕಳೆದ ತಿಂಗಳು ಮಂಡ್ಯ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಮೈಸೂರಿನ ನನ್ನ ಆಫೀಸಿಗೆ ಬಂದಿದ್ದರು. ಹುಡುಗಿ ಓಟಗಾರ್ತಿ, ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುತ್ತಾಳೆ. ಪ್ರೋಟೀನ್ ಪುಡಿ ಮಾರುವ ಕಂಪನಿಯೊಂದು ಅವಳನ್ನು ಜಾಹೀರಾತಿಗೆ ಕೇಳಿ ಕರಾರು ಕಳಿಸಿತ್ತು. ಹನ್ನೊಂದು ಪುಟ, ಎಲ್ಲ ಇಂಗ್ಲಿಷ್. ಏಳನೇ ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ: ಆಟಗಾರ್ತಿಯ ನಡತೆಯಿಂದ ತನ್ನ ಹೆಸರಿಗೆ ಧಕ್ಕೆ ಬಂತು ಎಂದು ಕಂಪನಿಗೆ ಅನಿಸಿದರೆ ಕರಾರು ರದ್ದು, ಕೊಟ್ಟ ಹಣ ವಾಪಸ್.

ಅಪ್ಪನ ಮುಖ ಕೆಂಪಾಯಿತು. "ನನ್ ಮಗಳ ನಡತೆ ಕೇಳಕ್ಕೆ ಇವರ್ಯಾರು ಸಾ?"

ಸಿಟ್ಟು ಬರುವುದು ಸಹಜ. ಆದರೆ ಇಂಥ ಷರತ್ತಿಗೆ ನೂರು ವರ್ಷ ದಾಟಿದೆ. 1922ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಅವರ ಕರಾರಿನಲ್ಲಿ, ಮದ್ಯ ಮುಟ್ಟಬಾರದು, ಸೀಸನ್‌ನಲ್ಲಿ ಅನುಮತಿ ಇಲ್ಲದೆ ರಾತ್ರಿ ಒಂದು ಗಂಟೆ ಮೀರಿ ಎದ್ದಿರಬಾರದು ಎಂದು ಬರೆಸಿಕೊಂಡಿದ್ದರು. ಜನ ದೇವರಂತೆ ಕಂಡ ಆಟಗಾರನನ್ನು ಹಣ ಕೊಡುವವರು ಮನುಷ್ಯನಂತೆಯೇ ಕಂಡಿದ್ದರು.

ಈ ಷರತ್ತು ಕಾಯುವುದು ನಡತೆಯನ್ನಲ್ಲ, ಸುದ್ದಿಯನ್ನು. ಅಮೆರಿಕನ್ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ವಿಷಯ ನೋಡಿ. 1989ರಲ್ಲಿ ಹೆಂಡತಿಗೆ ಹೊಡೆದ ಕೇಸಿನಲ್ಲಿ ಅವರು ಆರೋಪವನ್ನು ಅಲ್ಲಗಳೆಯದೆ ಶಿಕ್ಷೆ ಒಪ್ಪಿಕೊಂಡರು. ಅವರ ನಗುಮುಖವನ್ನು ವರ್ಷಗಟ್ಟಲೆ ಜಾಹೀರಾತಿನಲ್ಲಿ ತೋರಿಸಿದ್ದ ಕಾರು ಬಾಡಿಗೆ ಕಂಪನಿ ಹರ್ಟ್ಜ್ ಅವರನ್ನು ಬಿಡಲಿಲ್ಲ. ಅದು ದೊಡ್ಡ ಸುದ್ದಿಯಾಗಿರಲಿಲ್ಲ, ಅಷ್ಟೇ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಕಥೆ ಇನ್ನೂ ಚೆನ್ನಾಗಿ ತಿಳಿಸುತ್ತದೆ. 2009ರ ನವೆಂಬರ್‌ನಲ್ಲಿ ಮನೆ ಹತ್ತಿರ ಕಾರು ಗುದ್ದಿಕೊಂಡರು. ಹಿಂದೆಯೇ ಅವರ ಹೊರಗಿನ ಸಂಬಂಧಗಳು ಬಯಲಾದವು. ಅವರನ್ನು ಜಾಹೀರಾತಿಗೆ ಬಳಸುತ್ತಿದ್ದ ಅಕ್ಸೆಂಚರ್ ಕಂಪನಿ ಕೆಲವೇ ವಾರಗಳಲ್ಲಿ ಕೈಬಿಟ್ಟಿತು. ನೈಕಿ ಮಾತ್ರ 2024ರ ಜನವರಿವರೆಗೂ ಜೊತೆಗಿತ್ತು. ಅದೇ ಮನುಷ್ಯ, ಅದೇ ತಪ್ಪು. ಯಾಕೆ ಹೀಗೆ? ಅಕ್ಸೆಂಚರ್ ಮಾರುವುದು ಸಲಹೆ. ಅದಕ್ಕೆ ಬೇಕಿದ್ದದ್ದು ನಂಬಿಕಸ್ತನ ಮುಖ. ನೈಕಿ ಮಾರುವುದು ಬಟ್ಟೆ, ಶೂ. ಅದಕ್ಕೆ ಬೇಕಿದ್ದದ್ದು ಚೆಂಡು ಹೊಡೆಯುವ ಕೈ. ನಾವು ಮನೆಯಲ್ಲಿ ಮಕ್ಕಳಿಗೆ ಈ ಎರಡನ್ನೂ ಬೇರೆ ಮಾಡಿ ತೋರಿಸುವುದೇ ಇಲ್ಲ. ಚೆನ್ನಾಗಿ ಆಡುವವನು ಒಳ್ಳೆಯವನೂ ಹೌದು ಅಂದುಕೊಂಡುಬಿಡುತ್ತೇವೆ, ಅಲ್ವಾ?

ನಮ್ಮವರಲ್ಲೂ ಆಗಿದೆ. 2019ರಲ್ಲಿ ಹಾರ್ದಿಕ್ ಪಾಂಡ್ಯ, ಕೆ.ಎಲ್. ರಾಹುಲ್ ಟಿವಿ ಕಾರ್ಯಕ್ರಮವೊಂದಕ್ಕೆ ಹೋಗಿದ್ದರು. ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಿಗೆ ಇಬ್ಬರೂ ಅಮಾನತಾದರು, ತಲಾ 20 ಲಕ್ಷ ದಂಡ ಬಿತ್ತು. ಪಾಂಡ್ಯ ಜೊತೆಗಿನ ಜಾಹೀರಾತಿನ ನಂಟನ್ನು ರೇಜರ್ ಕಂಪನಿ ಜಿಲೆಟ್ ತಡೆಹಿಡಿಯಿತು.

ಹಾಗಂತ ಎಲ್ಲರ ಮುಖವೂ ಮುಖವಾಡವಲ್ಲ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪುಲ್ಲೇಲ ಗೋಪಿಚಂದ್ ಕೋಲಾ ಜಾಹೀರಾತು ಬೇಡ ಅಂದರು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾದಾಗ ರಾಹುಲ್ ದ್ರಾವಿಡ್ ಒಪ್ಪಲಿಲ್ಲ, ಓದಿ ಸಂಪಾದಿಸುತ್ತೇನೆ ಅಂದರು. 2021ರ ಜಾಹೀರಾತಿನಲ್ಲಿ ಇದೇ ದ್ರಾವಿಡ್ 'ಇಂದಿರಾನಗರದ ಗೂಂಡಾ' ಅಂತ ಕೂಗಾಡಿದಾಗ ನಾವೆಲ್ಲ ನಕ್ಕೆವು. ಅವರ ನಿಜವಾದ ಸ್ವಭಾವ ಗೊತ್ತಿದ್ದರಿಂದಲೇ ಆ ನಗು.

ಆ ರೈತರಿಗೆ ನಾನು ಮಾಡಿಕೊಟ್ಟದ್ದು ಇಷ್ಟು. 'ಕಂಪನಿಗೆ ಅನಿಸಿದರೆ' ಎಂಬ ಮಾತು ತೆಗೆಸಿ, 'ಕೋರ್ಟಿನಲ್ಲಿ ಅಪರಾಧ ಸಾಬೀತಾದರೆ' ಎಂದು ಹಾಕಿಸಿದೆ. ಕಂಪನಿಯೇ ಹೆಸರು ಕೆಡಿಸಿಕೊಂಡರೆ ಹುಡುಗಿ ಹೊರಬರಬಹುದು ಎಂಬ ಸಾಲನ್ನೂ ಸೇರಿಸಿದೆ. ದೊಡ್ಡ ಆಟಗಾರರಿಗೆ ಇದನ್ನೆಲ್ಲ ನೋಡಿಕೊಳ್ಳಲು ಏಜೆಂಟ್ ಇರುತ್ತಾರೆ. ಹಳ್ಳಿಯ ಹುಡುಗಿಗೆ ಯಾರಿದ್ದಾರೆ?

ಒಂಬತ್ತನೇ ಪುಟಕ್ಕೆ ಬಂದಾಗ, ಅಲ್ಲಿವರೆಗೂ ಸುಮ್ನೆ ಕೂತಿದ್ದ ಹುಡುಗಿ ಬಾಯಿ ಬಿಟ್ಟಳು. 'ನಾನು ದಿನಾ ಈ ಪುಡಿಯನ್ನೇ ಕುಡಿಯುತ್ತೇನೆ' ಎಂದು ಅವಳು ಜಾಹೀರಾತಿನಲ್ಲಿ ಹೇಳಬೇಕಿತ್ತು.

"ಸಾರ್, ನಾನು ಇದನ್ನ ಒಂದ್ಸಲಾನೂ ಕುಡಿದಿಲ್ಲ."

2022ರ ಕೇಂದ್ರದ ಮಾರ್ಗಸೂಚಿ ಹೇಳುವುದೂ ಇದನ್ನೇ: ಜಾಹೀರಾತಿನಲ್ಲಿ ಶಿಫಾರಸು ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು, ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿಯೋ ಅನುಭವವೋ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ. ಇದನ್ನು ಹೇಳಿದಾಗ ಅಪ್ಪ ಮಗಳ ಕಡೆ ತಿರುಗಿ, "ಹಂಗಾರೆ ಆ ಸಾಲು ಬ್ಯಾಡ ಬುಡವ್ವ" ಅಂದರು. ನಾನು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ.