ವಾಲ್ಯೂಮ್ ಏರಿಸಿದರೂ ಕೂಗದ ದನಿ

ಅಮೆರಿಕದ ‘ಸೋಲ್’ ಸಂಗೀತದ ಗಾಯಕ ಅಲ್ ಗ್ರೀನ್ ಅವರ ‘ಲೆಟ್ಸ್ ಸ್ಟೇ ಟುಗೆದರ್’ ಆಲ್ಬಮ್ ಬಂದದ್ದು 1972ರಲ್ಲಿ. ಅದೇ ಹೆಸರಿನ ಹಾಡು ಆ ವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದನ್ನು ಹಾಕಿ, ವಾಲ್ಯೂಮ್ ಏರಿಸುತ್ತಾ ಹೋಗಿ. ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಜೋರಾದರೂ ಅಲ್ ಗ್ರೀನ್ ಕೂಗುತ್ತಿದ್ದಾರೆ ಅನಿಸುವುದೇ ಇಲ್ಲ. ನಿಮ್ಮೊಬ್ಬರಿಗೇ ಮೆಲ್ಲಗೆ ಏನೋ ಹೇಳುತ್ತಿರುವ ಹಾಗಿರುತ್ತದೆ. ವಿಚಿತ್ರ ಅಲ್ವಾ?

ದನಿ ಎಷ್ಟು ಜೋರಾಗಿದೆ ಅನ್ನುವುದೊಂದನ್ನೇ ನಮ್ಮ ಕಿವಿ ನೋಡುವುದಿಲ್ಲ. ಕೂಗುವಾಗ ಗಂಟಲಿನ ಧ್ವನಿತಂತುಗಳು ಬಿಗಿಯಾಗಿ, ಪಟ್ಟನೆ ಮುಚ್ಚಿಕೊಳ್ಳುತ್ತವೆ. ಆಗ ದನಿಯಲ್ಲಿ ಹೆಚ್ಚಿನ ಕಂಪನಾಂಕಗಳ ಪಾಲು ಏರುತ್ತದೆ, ಅದಕ್ಕೇ ಕೂಗು ಚುಚ್ಚುತ್ತದೆ. ಮೆಲ್ಲಗೆ ಹಾಡುವಾಗ ತಂತುಗಳು ನಯವಾಗಿ ಸೇರುತ್ತವೆ. ಕೆಲವೊಮ್ಮೆ ಪೂರ್ತಿ ಸೇರದೆ ಸಂದಿಯಲ್ಲಿ ಗಾಳಿ ಸೋರುತ್ತದೆ. ವಾಲ್ಯೂಮ್ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಏರುತ್ತವೆಯೇ ಹೊರತು ಈ ಗುರುತು ಅಳಿಸುವುದಿಲ್ಲ. ಇಷ್ಟು ಮೆಲ್ಲಗೆ ಹಾಡಿದ್ದು ಇಷ್ಟು ಚೆನ್ನಾಗಿ ಕೇಳಿಸುತ್ತಿದೆ ಅಂದರೆ ಆ ಮನುಷ್ಯ ಹತ್ತಿರದಲ್ಲೇ ಇರಬೇಕು ಎಂದು ಮಿದುಳು ಲೆಕ್ಕ ಹಾಕಿಬಿಡುತ್ತದೆ.

ಅಲ್ ಗ್ರೀನ್ ಮೇಲಿನ ಸ್ವರಗಳಿಗೆ ಹೋಗುವಾಗ ಫಾಲ್ಸೆಟ್ಟೊಗೆ, ಅಂದರೆ ಸಹಜ ದನಿಗಿಂತ ಮೇಲಿನ ತೆಳು ದನಿಗೆ, ಜಾರುತ್ತಾರೆ. ಆಗ ಧ್ವನಿತಂತುಗಳು ಎಳೆದು ತೆಳ್ಳಗಾಗಿ, ಅವುಗಳ ಅಂಚು ಮಾತ್ರ ಅದುರುತ್ತದೆ. ಸ್ವರ ಮೇಲೇರಿದರೂ ದನಿ ಚೂಪಾಗುವುದಿಲ್ಲ. ಇದನ್ನು ಕೇಳಬೇಕಾದರೆ ಇದೇ ಆಲ್ಬಮ್ಮಿನಲ್ಲಿ ಅವರು ಹಾಡಿರುವ ಬೀ ಜೀಸ್ ತಂಡದ ‘ಹೌ ಕ್ಯಾನ್ ಯು ಮೆಂಡ್ ಎ ಬ್ರೋಕನ್ ಹಾರ್ಟ್’ ಕೇಳಿ. ಆರು ನಿಮಿಷಕ್ಕೂ ಜಾಸ್ತಿ ಇದೆ, ಅವಸರವೇ ಇಲ್ಲ. ನನ್ನ ಪ್ರಕಾರ ಶೀರ್ಷಿಕೆಯ ಹಾಡಿಗಿಂತ ಇದೇ ಒಂದು ಕೈ ಮೇಲು.

ಇಂಥ ದನಿಯನ್ನು ಹಿಡಿಯುವುದು ಮೈಕಿನ ಕೆಲಸ. ಆ ಕಾಲದ ಸ್ಟುಡಿಯೊಗಳಲ್ಲಿ ರಿಬ್ಬನ್ ಮೈಕುಗಳಿಗೆ ಒಳ್ಳೆಯ ಹೆಸರಿತ್ತು. ಅದರೊಳಗೆ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಕೂದಲಿಗಿಂತ ತೆಳ್ಳಗಿನ ಅಲ್ಯುಮಿನಿಯಂ ಪಟ್ಟಿ ತೂಗುತ್ತಿರುತ್ತದೆ. ಮುಂದಿನ ಮತ್ತು ಹಿಂದಿನ ಗಾಳಿಯ ಒತ್ತಡದಲ್ಲಿ ವ್ಯತ್ಯಾಸವಿದ್ದರೆ ಪಟ್ಟಿ ಅಲುಗುತ್ತದೆ, ವಿದ್ಯುತ್ ಹುಟ್ಟುತ್ತದೆ. ಗಾಯಕ ತೀರಾ ಹತ್ತಿರ ಬಂದರೆ ಇಲ್ಲೊಂದು ತಮಾಷೆ ನಡೆಯುತ್ತದೆ. ಬಾಯಿಂದ 5 ಸೆಂಟಿಮೀಟರ್ ದೂರದಲ್ಲಿರುವ ಒತ್ತಡ 10 ಸೆಂಟಿಮೀಟರ್ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಒಂದು ಮೀಟರ್ ಆಚೆ ಅದೇ 5 ಸೆಂಟಿಮೀಟರ್ ದಾಟಿದರೆ ಇಳಿಯುವುದು ಶೇ 5ರಷ್ಟು ಮಾತ್ರ. ಹಾಗಾಗಿ ಹತ್ತಿರ ನಿಂತಾಗ ಮುಂದು-ಹಿಂದಿನ ವ್ಯತ್ಯಾಸ ತಾನಾಗಿಯೇ ಹೆಚ್ಚುತ್ತದೆ. ಇದರ ಲಾಭ ಸಿಗುವುದು ಮುಖ್ಯವಾಗಿ ಕೆಳಗಿನ ಸ್ವರಗಳಿಗೆ. ಮೆಲುದನಿ ತುಂಬಿಕೊಂಡು, ಬೆಚ್ಚಗಾಗಿ ಕೇಳುತ್ತದೆ. ರಿಬ್ಬನ್ ಮೈಕು ತೀರಾ ಚೂಪು ಸದ್ದುಗಳನ್ನು ಸ್ವಲ್ಪ ತಗ್ಗಿಸುವುದರಿಂದ ‘ಸ’ಕಾರವೂ ಸಿಳ್ಳೆ ಹೊಡೆಯುವುದಿಲ್ಲ.

ಇನ್ನು ಜಾಗ. ರೆಕಾರ್ಡಿಂಗ್ ನಡೆದದ್ದು ಮೆಂಫಿಸ್ ನಗರದ ರಾಯಲ್ ಸ್ಟುಡಿಯೋಸ್‌ನಲ್ಲಿ. ಅದು ಮೊದಲು ಸಿನಿಮಾ ಥಿಯೇಟರು. ನೆಲ ಇಳಿಜಾರಾಗಿಯೇ ಉಳಿದಿತ್ತು. ನೆಲ, ಸೂರು ಎರಡೂ ಸಮಾಂತರವಾಗಿದ್ದರೆ ಸದ್ದು ಅವುಗಳ ನಡುವೆ ಪುಟಿದಾಡಿ ಕೆಲವು ಸ್ವರಗಳು ಸುಮ್ನೆ ಊದಿಕೊಳ್ಳುತ್ತವೆ. ಇಳಿಜಾರು ಅದನ್ನು ಸ್ವಲ್ಪ ಮುರಿಯುತ್ತದೆ.

ಆದರೂ ಮೈಕು, ಕಟ್ಟಡಕ್ಕಿಂತ ಹೆಚ್ಚಿನ ಪಾಲು ಆಲ್ಬಮ್ಮಿನ ನಿರ್ಮಾಪಕ ವಿಲ್ಲೀ ಮಿಚೆಲ್ ಅವರದ್ದು ಅಂತ ನನಗನಿಸುತ್ತದೆ. ಗಂಟಲು ಬಿಚ್ಚಿ ಹಾಡುವ ಉಮೇದಿನಲ್ಲಿದ್ದ ಹುಡುಗನಿಗೆ, ಮೆಲ್ಲಗೆ ಹಾಡು ಎಂದು ಪಟ್ಟು ಹಿಡಿದವರು ಅವರೇ. ಕೂಗಿ ಹಾಡಿದ್ದನ್ನು ಆಮೇಲೆ ಎಷ್ಟೇ ತಗ್ಗಿಸಿದರೂ ಅದು ದೂರದಲ್ಲಿ ಯಾರೋ ಕೂಗಿದಂತೆ ಕೇಳುತ್ತದೆ.

ಬೇಕಾದರೆ ಫೋನಿನಲ್ಲೇ ನೋಡಿ. ಒಂದೇ ಸಾಲನ್ನು ಒಮ್ಮೆ ಹತ್ತಿರದಿಂದ ಮೆಲ್ಲಗೆ, ಇನ್ನೊಮ್ಮೆ ದೂರದಿಂದ ಕೂಗಿ ರೆಕಾರ್ಡ್ ಮಾಡಿ. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ಕೇಳಿಸಿ. ಫೋನಿನ ಮೈಕು ಸಾಮಾನ್ಯವಾಗಿ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವಂಥದ್ದು. ಅದು ಮುಂದು-ಹಿಂದಿನ ವ್ಯತ್ಯಾಸವನ್ನು ನೋಡುವುದಿಲ್ಲ, ಹಾಗಾಗಿ ರಿಬ್ಬನ್ ಮೈಕಿನಷ್ಟು ಬೆಚ್ಚನೆಯ ದನಿ ಅದರಲ್ಲಿ ಬರುವುದಿಲ್ಲ. ಆದರೆ ಯಾವುದು ಹತ್ತಿರದ್ದು ಅಂತ ಅವರು ತಡವರಿಸದೆ ಹೇಳಿಬಿಡುತ್ತಾರೆ.